ಒಂದೇ ಹೆಸರು, ಬೇರೆ ಬೇರೆ ಜನ: ಗ್ವಾಂಟನಾಮೋ ಕೈದಿಯೊಬ್ಬನ ಅಪಾಯ ಅಳೆದ ಪ್ರಕರಣ

ಯುದ್ಧದಲ್ಲಿ ಸೆರೆ ಸಿಕ್ಕವನನ್ನು ಬಿಟ್ಟುಬಿಟ್ಟರೆ ನಾಳೆ ಏನಾಗಬಹುದು? ಯಾವ ಕಾಲದ ಯುದ್ಧವೇ ಆಗಲಿ, ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯಬೇಕಾದವರು ಇದ್ದೇ ಇರುತ್ತಾರೆ. ಅವರ ಕೆಲಸ ಸುಲಭದ್ದಲ್ಲ. ಬಿಡಬಹುದು ಅಂತ ಬರೆದು, ಅವನು ಮತ್ತೆ ಬಂದೂಕು ಹಿಡಿದರೆ ಬರೆದವರ ತಲೆಗೇ ಬರುತ್ತದೆ. ಬಿಡಬೇಡಿ ಅಂತ ಬರೆದು, ಅವನು ಯಾರಿಗೂ ತೊಂದರೆ ಮಾಡದವನೇ ಆಗಿದ್ದರೆ? ಅದು ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ತಪ್ಪು ಪತ್ರಿಕೆಯಲ್ಲಿ ಬರುತ್ತದೆ, ಇನ್ನೊಂದು ಬೀರುವಿನಲ್ಲಿ ಉಳಿಯುತ್ತದೆ. ಈ ಪ್ರಕರಣ ಓದುವಾಗ ಇದೊಂದು ತಲೆಯಲ್ಲಿರಲಿ.

ಇದು ಕ್ಯೂಬಾದ ಗ್ವಾಂಟನಾಮೋ ಕೊಲ್ಲಿಯಲ್ಲಿರುವ ಅಮೆರಿಕದ ಸೆರೆಮನೆಯ ಒಬ್ಬ ಯೆಮನ್ ದೇಶದವನ ಪ್ರಕರಣ. ಅವನ ಹೆಸರು, ಕೈದಿ ಸಂಖ್ಯೆ, ಊರು, ಮನೆಯವರ ವಿವರ ಇಲ್ಲಿ ಬೇಕಿಲ್ಲ. ಸುಮ್ನೆ ‘ಕೈದಿ’ ಎಂದು ಕರೆಯೋಣ. ಅವನ ಕಡತದ ಒಂದಷ್ಟು ಭಾಗ ಸರ್ಕಾರವೇ ಹೊರಗೆ ಬಿಟ್ಟ ಕಾಗದಗಳಲ್ಲಿದೆ. ಹಾಗಾಗಿ ಎಲ್ಲಿ ದಾರಿ ತಪ್ಪಿತು, ಎಲ್ಲಿ ಸರಿಯಾಯಿತು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಸಿಕ್ಕಿಬಿದ್ದದ್ದು

ಹರೆಯದಲ್ಲೇ ಬೋಸ್ನಿಯಾ ಯುದ್ಧಕ್ಕೆ ಹೋಗಿಬಂದವನು ಈ ಕೈದಿ. ಆಮೇಲೆ ಅಫ್ಘಾನಿಸ್ತಾನಕ್ಕೆ ಹೋದ, ತಾಲಿಬಾನ್ ಕಡೆ ನಿಂತು ಹೋರಾಡಿದ. 2001ರ ಕೊನೆಯಲ್ಲಿ ದೇಶದ ಉತ್ತರ ಭಾಗದಲ್ಲಿ, ಅಮೆರಿಕದ ಜೊತೆ ನಿಂತಿದ್ದ ಉತ್ತರ ಒಕ್ಕೂಟದ ಪಡೆಗಳ ಕೈಗೆ ಸಿಕ್ಕ. 2002ರಲ್ಲಿ ಅವನನ್ನು ಗ್ವಾಂಟನಾಮೋಗೆ ತಂದರು. ಇಷ್ಟರ ಬಗ್ಗೆ ಕೊನೆಯವರೆಗೂ ದೊಡ್ಡ ತಕರಾರು ಇರಲಿಲ್ಲ. ಅವನು ದಾರಿಹೋಕನಲ್ಲ, ತಪ್ಪಿ ಸಿಕ್ಕಿಬಿದ್ದ ವ್ಯಾಪಾರಿಯೂ ಅಲ್ಲ. ಹೋರಾಟಕ್ಕೆಂದೇ ಹೋದವನು. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಪಾಪದವನು, ಸುಮ್ಮನೆ ಒಳಗೆ ಹಾಕಿಬಿಟ್ಟರು ಅನ್ನುವ ಕಥೆಯಾಗಿದ್ದರೆ ಕಲಿಯುವುದು ಇಷ್ಟೊಂದು ಇರುತ್ತಿರಲಿಲ್ಲ.

ಯುದ್ಧಭೂಮಿಯಲ್ಲಿ ಸಿಕ್ಕವನು ಯಾರು ಅನ್ನುವುದರಲ್ಲಿ ಅನುಮಾನ ಇದ್ದರೆ ಏನು ಮಾಡಬೇಕು ಎಂದು 1949ರ ಮೂರನೇ ಜಿನೀವಾ ಒಪ್ಪಂದದ 5ನೇ ವಿಧಿ ಹೇಳುತ್ತದೆ. ಒಂದು ಸಣ್ಣ ನ್ಯಾಯಮಂಡಳಿ ಕೂತು ತೀರ್ಮಾನ ಮಾಡಬೇಕು. ಅಮೆರಿಕದ ಸೇನೆಗೆ ಇದು ಹೊಸದಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಸುಮಾರು 1,200 ಇಂಥ ವಿಚಾರಣೆಗಳನ್ನು ಅದೇ ಸೇನೆ ನಡೆಸಿತ್ತು. ಆಗ ಬಹುಪಾಲು ಜನ ಸೈನಿಕರೇ ಅಲ್ಲ ಎಂದು ಗೊತ್ತಾಗಿತ್ತು. ಇಂಥ ವಿಚಾರಣೆಯ ಬೆಲೆ ಇರುವುದು ಅದು ನಡೆಯುವ ಹೊತ್ತಿನಲ್ಲಿ. ಹಿಡಿದ ಸಿಪಾಯಿ ಅಲ್ಲೇ ಇರುತ್ತಾನೆ. ಜೊತೆಗೆ ಸಿಕ್ಕವರು ಪಕ್ಕದಲ್ಲೇ ಇರುತ್ತಾರೆ. ಯಾವ ದಿನ, ಯಾವ ಜಾಗ, ಕೈಯಲ್ಲಿ ಏನಿತ್ತು ಅನ್ನುವುದು ಇನ್ನೂ ನೆನಪಿನಲ್ಲಿರುತ್ತದೆ.

ಅಫ್ಘಾನಿಸ್ತಾನದಲ್ಲಿ ಇದನ್ನು ಮಾಡಲಿಲ್ಲ. 2002ರ ಫೆಬ್ರವರಿಯಲ್ಲಿ ಅಧ್ಯಕ್ಷರ ಮಟ್ಟದಲ್ಲೇ ತೀರ್ಮಾನ ಆಗಿಹೋಯಿತು: ತಾಲಿಬಾನ್‌ನವರಿಗಾಗಲಿ ಅಲ್-ಖೈದಾದವರಿಗಾಗಲಿ ಯುದ್ಧಕೈದಿಯ ಸ್ಥಾನ ಇಲ್ಲ. ಎಲ್ಲರಿಗೂ ಒಂದೇ ಉತ್ತರ ಸಿಕ್ಕ ಮೇಲೆ ಒಬ್ಬೊಬ್ಬನನ್ನೇ ಕೂರಿಸಿ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮೇಲಾಗಿ, ಗ್ವಾಂಟನಾಮೋಗೆ ಬಂದ ಬಹಳಷ್ಟು ಜನರನ್ನು ಹಿಡಿದವರು ಅಮೆರಿಕದವರೇ ಅಲ್ಲ. ಪಾಕಿಸ್ತಾನದವರೋ ಉತ್ತರ ಒಕ್ಕೂಟದವರೋ ಹಿಡಿದು ಒಪ್ಪಿಸಿದ್ದರು. ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಕರಪತ್ರಗಳನ್ನು ವಿಮಾನದಿಂದ ಉದುರಿಸುತ್ತಿದ್ದ ಕಾಲ ಅದು. ಸೆರೆ ಸಿಕ್ಕ ಗಳಿಗೆಯ ವಿವರ ಆಗಲೇ ತೆಳ್ಳಗಿತ್ತು. ಕ್ಯೂಬಾ ತಲುಪುವ ಹೊತ್ತಿಗೆ ಇನ್ನೂ ತೆಳ್ಳಗಾಯಿತು.

ಕಡತ ದಪ್ಪಗಾದದ್ದು

ಸೆರೆಮನೆ ಶುರುವಾದದ್ದು 2002ರ ಜನವರಿ 11ಕ್ಕೆ. ಒಟ್ಟು ಸುಮಾರು 780 ಜನರನ್ನು ಅಲ್ಲಿಗೆ ತಂದರು. ಪ್ರತಿಯೊಬ್ಬನಿಗೂ ಒಂದು ಅಂದಾಜು ಪತ್ರ ತಯಾರಾಗುತ್ತಿತ್ತು. ಅದರಲ್ಲಿ ಮೂರು ವಿಷಯಗಳಿಗೆ ಹೆಚ್ಚು, ಮಧ್ಯಮ, ಕಡಿಮೆ ಎಂದು ದರ್ಜೆ ಕೊಡುತ್ತಿದ್ದರು. ಬಿಟ್ಟರೆ ಎಷ್ಟು ಅಪಾಯ? ಇವನಿಂದ ಇನ್ನೂ ಎಷ್ಟು ಮಾಹಿತಿ ಸಿಗಬಹುದು? ಸೆರೆಮನೆಯೊಳಗೆ ನಡತೆ ಹೇಗಿದೆ? ಕೊನೆಗೆ ಒಂದೇ ಶಿಫಾರಸು: ಇಟ್ಟುಕೊಳ್ಳಿ, ಬೇರೆ ದೇಶಕ್ಕೆ ಒಪ್ಪಿಸಿ, ಇಲ್ಲವೇ ಬಿಟ್ಟುಬಿಡಿ.

ಈ ಮೂರೂ ಒಂದಕ್ಕೊಂದು ಸಂಬಂಧ ಇಲ್ಲದ ಸಂಗತಿಗಳು, ಅಲ್ವಾ? ಬಹಳ ವಿಷಯ ಗೊತ್ತಿರುವ ಅಡುಗೆಯವನು ಇರಬಹುದು, ಏನೂ ಗೊತ್ತಿಲ್ಲದ ಅಪಾಯಕಾರಿಯೂ ಇರಬಹುದು. ಕಾವಲುಗಾರನ ಮೇಲೆ ನೀರು ಎರಚಿದವನು ಹೊರಗೆ ಹೋಗಿ ಬಾಂಬ್ ಇಡುತ್ತಾನೆ ಅಂತಲೂ ಅಲ್ಲ. ಆದರೆ ಮೂರೂ ಒಂದೇ ಹಾಳೆಯಲ್ಲಿ ಕೂತಾಗ ಒಂದರ ಬಣ್ಣ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಅಪಾಯ ಅಳೆಯಲು ವಿಶ್ಲೇಷಕರಿಗೆ ಒಂದು ಕೈಪಿಡಿ ಇತ್ತು. ಈ ಅಂದಾಜು ಪತ್ರಗಳ ಜೊತೆಗೆ ಅದೂ 2011ರಲ್ಲಿ ಬಯಲಾಯಿತು. ಯಾವ ಯಾವ ಗುರುತು ಕಂಡರೆ ಎಚ್ಚರ ವಹಿಸಬೇಕು ಎಂಬ ಪಟ್ಟಿ ಅದರಲ್ಲಿದೆ. ಕ್ಯಾಸಿಯೊ ಎಫ್-91ಡಬ್ಲ್ಯೂ ಕೈಗಡಿಯಾರವೂ ಆ ಪಟ್ಟಿಯಲ್ಲಿ ಇತ್ತು. ಬಾಂಬ್ ತರಬೇತಿಯಲ್ಲಿ ಅದನ್ನು ಬಳಸಿದ್ದು ನಿಜವೇ ಇರಬಹುದು. ಆದರೆ ಪ್ರಪಂಚದ ಮೂಲೆ ಮೂಲೆಯಲ್ಲಿ ಅಗ್ಗಕ್ಕೆ ಮಾರಾಟವಾಗುವ ಗಡಿಯಾರ ಅದು. ಕುರಾನ್ ಕಲಿಸಲು ಹೋಗಿದ್ದೆ, ದಾನಧರ್ಮದ ಕೆಲಸಕ್ಕೆ ಹೋಗಿದ್ದೆ, ಹೆಣ್ಣು ಹುಡುಕಲು ಹೋಗಿದ್ದೆ ಎಂದು ಯಾರಾದರೂ ಹೇಳಿದರೆ, ಅದು ಮೊದಲೇ ಕಲಿಸಿಕೊಟ್ಟ ಸುಳ್ಳು ಇರಬಹುದು ಎಂದೂ ಕೈಪಿಡಿ ಎಚ್ಚರಿಸುತ್ತದೆ. ಹಾಗೆ ಸುಳ್ಳು ಹೇಳಿದವರು ಖಂಡಿತ ಇದ್ದರು. ಆದರೆ ನಿಜವಾಗಿಯೂ ಅದಕ್ಕೇ ಹೋದವನು ಬೇರೇನು ಹೇಳಬೇಕಿತ್ತು? ನಿರಪರಾಧಿಯೂ ಅಪರಾಧಿಯೂ ಒಂದೇ ಮಾತು ಆಡಬಹುದಾದ ಕಡೆ, ಆ ಮಾತು ಯಾವುದಕ್ಕೂ ಸಾಕ್ಷಿ ಆಗಲಾರದು.

ಈಗ ನಮ್ಮ ಕೈದಿಯ ವಿಷಯಕ್ಕೆ ಬರೋಣ. ಕಾಲ ಹೋದಂತೆ ಅವನ ಕಡತದಲ್ಲಿ ‘ಹೋರಾಟಗಾರ’ ಎಂಬುದರ ಜೊತೆ ಇನ್ನೂ ಕೆಲವು ಪಾತ್ರಗಳು ಸೇರಿದವು. ಅಲ್-ಖೈದಾದ ತರಬೇತುದಾರ. ಸಂದೇಶ ಒಯ್ಯುವವನು. ಜನರಿಗೆ ಓಡಾಟ, ವಸತಿ ಏರ್ಪಾಡು ಮಾಡುವ ಮಧ್ಯವರ್ತಿ. ಈ ಮೂರು ಸೇರಿದಾಗ ಮನುಷ್ಯನ ಎತ್ತರವೇ ಬದಲಾಗುತ್ತದೆ. ಬಂದೂಕು ಹಿಡಿದ ಕಾಲಾಳು ಯುದ್ಧ ಮುಗಿದ ಮೇಲೆ ಒಬ್ಬ ಮನುಷ್ಯ, ಅಷ್ಟೇ. ತರಬೇತುದಾರ ಹಾಗಲ್ಲ. ಅವನು ಹೊರಗೆ ಹೋದರೆ ಹತ್ತು ಜನರನ್ನು ತಯಾರು ಮಾಡಬಲ್ಲ. ಮಧ್ಯವರ್ತಿಗೆ ಜಾಲದ ಪರಿಚಯ ಇರುತ್ತದೆ. ಅಪಾಯದ ಅಂದಾಜಿನಲ್ಲಿ ನಿಜವಾದ ತೂಕ ಇದ್ದದ್ದು ಈ ಪಾತ್ರಗಳಿಗೆ.

ಇವು ಎಲ್ಲಿಂದ ಬಂದವು? ಬೇರೆ ಬೇರೆ ಬೇಹುಗಾರಿಕೆ ವರದಿಗಳಲ್ಲಿ ಕಾಣಿಸಿಕೊಂಡ, ಇವನದನ್ನೇ ಹೋಲುವ ಹೆಸರುಗಳಿಂದ. ಅರಬ್ ಹೋರಾಟಗಾರರು ಸ್ವಂತ ಹೆಸರಿನ ಬದಲು ಒಂದು ಅಡ್ಡಹೆಸರು ಇಟ್ಟುಕೊಳ್ಳುತ್ತಿದ್ದರು. ‘ಇಂಥವನ ಅಪ್ಪ’ ಎಂಬರ್ಥದ ಅಬು, ಆಮೇಲೆ ಯಾವುದೋ ಪ್ರಸಿದ್ಧ ಹೆಸರು, ಕೊನೆಗೆ ಊರು ಅಥವಾ ದೇಶ. ಅಲ್-ಯಮನಿ ಅಂದರೆ ಯೆಮನ್‌ನವನು. ನಮ್ಮಲ್ಲಿ ‘ಮಂಜಣ್ಣ, ದಾವಣಗೆರೆ ಕಡೆಯವನು’ ಎಂಬಷ್ಟೇ ಸುಳಿವು ಹಿಡಿದು ಒಬ್ಬನನ್ನು ಹುಡುಕಲು ಹೊರಟ ಹಾಗೆ. ಅದರ ಮೇಲೆ ಅರಬ್ಬಿಯ ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ನಾಲ್ಕೈದು ರೀತಿ ಬರೆಯುತ್ತಾರೆ. ಬೇರೆ ಬೇರೆ ಹೆಸರುಗಳೂ ಬರವಣಿಗೆಯಲ್ಲಿ ಒಂದೇ ಥರ ಕಾಣುತ್ತವೆ. ಅದೇ ಕಾಲದಲ್ಲಿ ಅಫ್ಘಾನಿಸ್ತಾನದಲ್ಲಿ ಯೆಮನ್‌ನವರು ಒಬ್ಬಿಬ್ಬರಲ್ಲ, ನೂರಾರು ಜನ ಇದ್ದರು.

ಇನ್ನೊಂದು ಕಡೆಯಿಂದಲೂ ಕಡತಗಳು ದಪ್ಪಗಾಗುತ್ತಿದ್ದವು. ಅದು ಸಹಕೈದಿಗಳ ಹೇಳಿಕೆ. ಫೋಟೋಗಳನ್ನು ತೋರಿಸಿ ‘ಇವನನ್ನು ಎಲ್ಲಿ ನೋಡಿದ್ದೀಯ?’ ಎಂದು ಕೇಳುವ ಪದ್ಧತಿ. ಒಬ್ಬನೇ ಒಬ್ಬ ಕೈದಿಯ ಹೇಳಿಕೆ ನೂರಕ್ಕೂ ಹೆಚ್ಚು ಜನರ ಕಡತದಲ್ಲಿ ಸೇರಿತ್ತು ಎಂಬುದು ಆಮೇಲೆ ಹೊರಬಿತ್ತು. ಅವನ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ ಎಂದು ಸೆರೆಮನೆಯ ಅಧಿಕಾರಿಗಳಿಗೇ ಅನುಮಾನ ಇತ್ತು. ಆದರೂ ಹೇಳಿಕೆ ಒಮ್ಮೆ ಕಡತಕ್ಕೆ ಹೋದರೆ ಅನುಮಾನ ಅದರ ಬೆನ್ನಿಗೆ ಹೋಗುವುದಿಲ್ಲ. ಮುಂದಿನ ವರದಿಯಲ್ಲಿ ‘ಮೂಲಗಳ ಪ್ರಕಾರ’ ಎಂದು ಬರುತ್ತದೆ. ಅದರ ಮುಂದಿನದರಲ್ಲಿ ‘ಮೂಲಗಳ ಪ್ರಕಾರ’ ಕೂಡ ಬಿದ್ದುಹೋಗಿರುತ್ತದೆ.

ಮತ್ತೆ ಮತ್ತೆ ಪರಿಶೀಲನೆ

ಯಾರೂ ನೋಡಲೇ ಇಲ್ಲ ಅಂತಲ್ಲ. ಇದೇ ಈ ಪ್ರಕರಣದ ವಿಚಿತ್ರ. 2004ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ವಾಂಟನಾಮೋ ಕೈದಿಗಳೂ ನ್ಯಾಯಾಲಯಕ್ಕೆ ಬರಬಹುದು ಎಂದಿತು. ಮುಂದಿನ ತಿಂಗಳೇ ಸೇನೆ ತನ್ನದೇ ಮಂಡಳಿಗಳನ್ನು ರಚಿಸಿ 558 ಜನರ ವಿಚಾರಣೆ ನಡೆಸಿತು. ಕೈದಿಗೆ ವಕೀಲರಿಲ್ಲ. ರಹಸ್ಯ ಸಾಕ್ಷ್ಯ ಅವನಿಗೆ ತೋರಿಸುವುದಿಲ್ಲ. ಸರ್ಕಾರದ ಸಾಕ್ಷ್ಯ ಸರಿ ಇದೆ ಎಂದೇ ಹೊರಡಬೇಕು, ತಪ್ಪು ಎಂದು ತೋರಿಸುವ ಹೊಣೆ ಅವನದು. ನೋಡದೇ ಇರುವ ಕಾಗದ ತಪ್ಪು ಎಂದು ಯಾರಾದರೂ ಹೇಗೆ ತೋರಿಸುತ್ತಾರೆ? 558ರಲ್ಲಿ 38 ಜನರನ್ನು ಮಾತ್ರ ಶತ್ರು ಹೋರಾಟಗಾರರಲ್ಲ ಎಂದು ಮಂಡಳಿಗಳು ಒಪ್ಪಿದವು. ಅದಾದ ಮೇಲೆ ವರ್ಷಕ್ಕೊಮ್ಮೆ ಇನ್ನೊಂದು ಮಂಡಳಿ ಕೂರುತ್ತಿತ್ತು. ಅದು ಕೇಳುತ್ತಿದ್ದದ್ದು ಎರಡು: ಇವನು ಇನ್ನೂ ಅಪಾಯವೇ? ಇವನಲ್ಲಿ ಇನ್ನೂ ಮಾಹಿತಿ ಇದೆಯೇ?

ಒಟ್ಟಿನಲ್ಲಿ ನಮ್ಮ ಕೈದಿಯಂಥವರ ಕಡತ ಹಲವು ಕೈ ದಾಟಿತು. ಪ್ರತಿ ಕೈಯೂ ಹಿಂದಿನವರು ಬರೆದದ್ದನ್ನು ಓದಿ ಮುಂದುವರಿಸಿತು. ಓದಿದ್ದೆಲ್ಲ ಕಡತವನ್ನು, ಮನುಷ್ಯನನ್ನಲ್ಲ. ಹೀಗೆ ಓದಿದವರ ಸಂಖ್ಯೆ ಹೆಚ್ಚಾದ ಹಾಗೆ ಕಡತಕ್ಕೆ ಒಂದು ಗತ್ತು ಬರುತ್ತದೆ. ಇಷ್ಟು ಜನ ನೋಡಿದ್ದಾರೆ, ಸುಳ್ಳಾಗಲು ಹೇಗೆ ಸಾಧ್ಯ ಅನ್ನಿಸುತ್ತದೆ. ನಿಜವಾಗಿ ಅವರೆಲ್ಲ ನೋಡಿದ್ದು ಒಂದೇ ಹಾಳೆಯನ್ನು.

2009ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಬಂದ ಮೇಲೆ ದೊಡ್ಡ ಪರಿಶೀಲನೆ ನಡೆಯಿತು. ಆಗ ಬೆಳಕಿಗೆ ಬಂದ ಸಂಗತಿ ನನಗೆ ಈಗಲೂ ಆಶ್ಚರ್ಯ ತರಿಸುತ್ತದೆ. ಒಬ್ಬ ಕೈದಿಗೆ ಒಂದು ಪೂರ್ಣ ಕಡತ ಎಂಬುದೇ ಇರಲಿಲ್ಲ. ಕಾಗದಗಳು ಹಲವು ಇಲಾಖೆ, ಹಲವು ಸಂಸ್ಥೆಗಳಲ್ಲಿ ಹರಡಿಕೊಂಡಿದ್ದವು. ಮೊದಲು ಅವನ್ನು ಒಟ್ಟು ಮಾಡುವುದೇ ಒಂದು ಕೆಲಸವಾಯಿತು. ಆರು ಇಲಾಖೆ-ಸಂಸ್ಥೆಗಳ ಒಮ್ಮತದಿಂದ 240 ಜನರ ಬಗ್ಗೆ ತೀರ್ಮಾನ ಹೊರಬಿತ್ತು. 126 ಜನರನ್ನು ಬೇರೆ ದೇಶಕ್ಕೆ ಕಳಿಸಬಹುದು. 36 ಜನರ ಮೇಲೆ ಮೊಕದ್ದಮೆ. 48 ಜನರನ್ನು ಮೊಕದ್ದಮೆ ಇಲ್ಲದೆಯೇ ಇಟ್ಟುಕೊಳ್ಳಬೇಕು. ಉಳಿದ 30 ಜನ ಯೆಮನ್‌ನವರು. ಆ ದೇಶದ ಪರಿಸ್ಥಿತಿ ಸುಧಾರಿಸಿದರೆ ಇವರನ್ನು ಕಳಿಸಬಹುದು ಎಂಬ ಷರತ್ತು.

ನಮ್ಮ ಕೈದಿ ಕಳಿಸಬಹುದಾದವರ ಪಟ್ಟಿಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ, 2009ರ ಡಿಸೆಂಬರ್ 25ರಂದು, ಡೆಟ್ರಾಯಿಟ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬ ಬಾಂಬ್ ಸಿಡಿಸಲು ನೋಡಿದ. ಆ ಸಂಚು ಯೆಮನ್‌ನಲ್ಲಿ ಹುಟ್ಟಿತ್ತು. ಕೆಲವೇ ದಿನಗಳಲ್ಲಿ ಯೆಮನ್‌ಗೆ ಯಾರನ್ನೂ ಕಳಿಸುವುದಿಲ್ಲ ಎಂಬ ಆದೇಶ ಬಂತು. ಅಲ್ಲಿಗೆ, ಒಬ್ಬನು ಯಾವ ದೇಶದಲ್ಲಿ ಹುಟ್ಟಿದ ಎಂಬುದೂ ಅಪಾಯದ ಲೆಕ್ಕದೊಳಗೆ ಸೇರಿಹೋಯಿತು.

ನ್ಯಾಯಾಲಯಗಳಲ್ಲಿ ನಡೆದ ಒಂದು ವಾದವನ್ನೂ ಇಲ್ಲಿ ಹೇಳಬೇಕು. ಅದು ಈ ಕೈದಿಯದಲ್ಲ, ಬೇರೆಯವರ ಪ್ರಕರಣಗಳಲ್ಲಿ ಬಂದದ್ದು. ಆದರೆ ನಮ್ಮ ವಿಷಯದ ಒಳತಿರುಳು ಅದರಲ್ಲಿದೆ. ಸರ್ಕಾರದ ವಕೀಲರು ಹೇಳುತ್ತಿದ್ದರು: ಒಂದೊಂದೇ ಸಾಕ್ಷ್ಯ ದುರ್ಬಲ ಇರಬಹುದು, ಎಲ್ಲವನ್ನೂ ಜೋಡಿಸಿ ನೋಡಿ, ಚಿತ್ರ ಕಾಣುತ್ತದೆ. ಮೊಸಾಯಿಕ್ ವಾದ ಎಂದು ಇದಕ್ಕೆ ಹೆಸರು. ಮೊಸಾಯಿಕ್ ಅಂದರೆ ಹೆಂಚಿನ ಸಣ್ಣ ತುಂಡುಗಳನ್ನು ಜೋಡಿಸಿ ಮಾಡುವ ಚಿತ್ರ. 2009ರಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಇದನ್ನು ಒಪ್ಪಲಿಲ್ಲ. ಹೆಂಚಿನ ತುಂಡುಗಳೇ ಗಟ್ಟಿ ಇಲ್ಲದಿದ್ದರೆ ಅವುಗಳಿಂದ ಮಾಡಿದ ಚಿತ್ರ ನಿಲ್ಲುವುದಿಲ್ಲ ಎಂಬುದು ಅವರ ನಿಲುವು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಇದಕ್ಕೆ ಎದುರು ಮಾತು ಹೇಳಿತು. ಸಾಕ್ಷ್ಯಗಳನ್ನು ಬಿಡಿಬಿಡಿಯಾಗಿ ತೂಗಿ ಎಸೆಯುವುದು ತಪ್ಪು, ಒಟ್ಟಾಗಿಯೇ ನೋಡಬೇಕು ಎಂದಿತು. 2011ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರದ ಬೇಹುಗಾರಿಕೆ ವರದಿ ಸರಿಯಾಗಿ ದಾಖಲಾಗಿದೆ ಎಂದೇ ಹೊರಡಬೇಕು ಎಂದಿತು.

ಒಟ್ಟಾಗಿ ನೋಡಬೇಕು ಅನ್ನುವುದರಲ್ಲಿ ಅರ್ಥವಿದೆ. ಒಂದೊಂದೇ ಸುಳಿವು ಸಣ್ಣದಾಗಿ ಕಂಡರೂ ಹತ್ತು ಸುಳಿವು ಒಂದೇ ಕಡೆ ಬೆರಳು ತೋರಿಸಿದರೆ ಅದಕ್ಕೆ ಬೆಲೆ ಇದೆ. ಆದರೆ ಆ ವಾದ ನಿಲ್ಲಬೇಕಾದರೆ ಹತ್ತೂ ಸುಳಿವು ಒಬ್ಬನದೇ ಆಗಿರಬೇಕು. ಮೂರು ಜನರ ಸುಳಿವು ಸೇರಿಸಿದರೆ ಚಿತ್ರವೇನೋ ಬಹಳ ಸ್ಪಷ್ಟವಾಗಿಯೇ ಮೂಡುತ್ತದೆ. ಅಂಥ ಮನುಷ್ಯ ಮಾತ್ರ ಎಲ್ಲೂ ಇರುವುದಿಲ್ಲ.

ತಿರುವು

2011ರ ಮಾರ್ಚ್‌ನಲ್ಲಿ ಇನ್ನೊಂದು ಪರಿಶೀಲನಾ ಮಂಡಳಿಗೆ ಆದೇಶವಾಯಿತು. ಅದರ ಮೊದಲ ವಿಚಾರಣೆ ನಡೆದದ್ದು 2013ರ ನವೆಂಬರ್‌ನಲ್ಲಿ. ಈ ಮಂಡಳಿಯಲ್ಲೂ ಆರು ಇಲಾಖೆ-ಸಂಸ್ಥೆಗಳ ಪ್ರತಿನಿಧಿಗಳು. ಆದರೆ ಪ್ರಶ್ನೆ ಬದಲಾಗಿತ್ತು. ಹಿಂದೆ ಹಿಡಿದದ್ದು ಸರಿಯೋ ತಪ್ಪೋ ಎಂದು ಅದು ಕೇಳಲಿಲ್ಲ. ಅಮೆರಿಕದ ಭದ್ರತೆಗೆ ಈಗಲೂ ಮುಂದುವರಿಯುತ್ತಿರುವ, ಗಣನೀಯವಾದ ಅಪಾಯದಿಂದ ರಕ್ಷಿಸಿಕೊಳ್ಳಲು ಇವನನ್ನು ಇಟ್ಟುಕೊಳ್ಳುವುದು ಅಗತ್ಯವೇ? ಇಷ್ಟೇ ಪ್ರಶ್ನೆ. ಕೈದಿಯ ಪರ ಸಮವಸ್ತ್ರದ ಅಧಿಕಾರಿಗಳು ಪ್ರತಿನಿಧಿಗಳಾಗಿ ಇರುತ್ತಾರೆ. ಬೇಕಿದ್ದರೆ, ಸರ್ಕಾರಕ್ಕೆ ಖರ್ಚಿಲ್ಲದ ಹಾಗೆ, ಖಾಸಗಿ ವಕೀಲರೂ ಇರಬಹುದು. ಕೈದಿ ಗ್ವಾಂಟನಾಮೋದಲ್ಲೇ ಕೂತು ವಿಡಿಯೊದಲ್ಲಿ ಕಾಣಿಸಿಕೊಳ್ಳುತ್ತಾನೆ.

ಪ್ರತಿ ವಿಚಾರಣೆಗೆ ಮೊದಲು ಸರ್ಕಾರ ಕೈದಿಯ ಒಂದು ಸಂಕ್ಷಿಪ್ತ ಪರಿಚಯ ಪತ್ರ ತಯಾರಿಸುತ್ತಿತ್ತು. ಅದರಲ್ಲಿ ರಹಸ್ಯವಲ್ಲದ ಒಂದು ರೂಪವೂ ಇರುತ್ತಿತ್ತು. ಅದನ್ನು ಸಾರ್ವಜನಿಕರೂ ಓದಬಹುದಿತ್ತು. 2015ರಲ್ಲಿ ನಮ್ಮ ಕೈದಿಯ ಸರದಿ ಬಂದಾಗ, ಪತ್ರ ಬರೆಯಬೇಕಾದ ವಿಶ್ಲೇಷಕರು ಹಳೆಯ ವರದಿಗಳಿಗೇ ಹಿಂತಿರುಗಿದರು. ತರಬೇತುದಾರ ಎಂಬ ಮಾತಿಗೆ ಆಧಾರವಾಗಿದ್ದ ವರದಿಯಲ್ಲಿ ಇರುವ ವ್ಯಕ್ತಿ ಇವನೇ ಹೌದೇ? ಅವನ ಜೀವನದ ವಿವರ, ಮೈಕಟ್ಟಿನ ವರ್ಣನೆ, ಆ ಹೊತ್ತಿನಲ್ಲಿ ಅವನಿದ್ದ ಜಾಗ ಇವನದಕ್ಕೆ ಹೊಂದುತ್ತದೆಯೇ? ಹೊಂದಲಿಲ್ಲ. ಆ ಕೆಲಸಗಳನ್ನು ಮಾಡಿದವರು ಇವನಂಥದೇ ಹೆಸರು ಅಥವಾ ಅಡ್ಡಹೆಸರು ಇದ್ದ ಬೇರೆ ಉಗ್ರರು ಎಂದು ಸರ್ಕಾರವೇ ಬರೆಯಿತು. ತರಬೇತುದಾರ, ಸಂದೇಶವಾಹಕ, ಮಧ್ಯವರ್ತಿ ಈ ಮೂರೂ ಪಾತ್ರಗಳು ಬಿದ್ದುಹೋದವು. ಕೆಳಮಟ್ಟದ ಹೋರಾಟಗಾರ ಎಂಬುದೊಂದು ಉಳಿಯಿತು.

ತಿದ್ದುಪಡಿ ಎರಡು ಮೂರು ವಾಕ್ಯದಲ್ಲಿ ಮುಗಿದಿತ್ತು. ಆ ಹೊತ್ತಿಗೆ ಅವನು ಒಳಗೆ ಹದಿಮೂರು ವರ್ಷ ಕಳೆದಿದ್ದ.

ಇದು ಮೊದಲೇ ಯಾಕೆ ಆಗಲಿಲ್ಲ? ಹೊಸ ಸಾಕ್ಷಿ ಯಾರೂ ಬಂದು ಹೇಳಿದ್ದಕ್ಕೆ ಆದದ್ದಲ್ಲ ಇದು. ಇದ್ದ ವರದಿಗಳನ್ನೇ ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಆದದ್ದು. ನನ್ನ ಅನಿಸಿಕೆ ಏನೆಂದರೆ, ಯಾರು ಓದುತ್ತಾರೆ ಎಂಬುದು ಬರೆಯುವವನ ಕೈಯನ್ನು ಬದಲಿಸುತ್ತದೆ. ಹಿಂದಿನ ಅಂದಾಜು ಪತ್ರಗಳನ್ನು ಓದುತ್ತಿದ್ದವರು ಮೇಲಧಿಕಾರಿಗಳು ಮಾತ್ರ. ಹೊಸ ಪರಿಚಯ ಪತ್ರವನ್ನು ಎದುರು ಪಕ್ಷದವರೂ ಓದುತ್ತಾರೆ, ಪತ್ರಕರ್ತರೂ ಓದುತ್ತಾರೆ. ಪ್ರತಿ ವಾಕ್ಯಕ್ಕೂ ‘ಇದಕ್ಕೆ ಏನು ಆಧಾರ?’ ಎಂಬ ಪ್ರಶ್ನೆ ಬರಬಹುದು ಎಂದು ಗೊತ್ತಿರುವಾಗ ಮನುಷ್ಯ ಮೂಲಕ್ಕೆ ಹೋಗಿ ನೋಡುತ್ತಾನೆ. ಇನ್ನೊಂದು ಕಾರಣವೂ ಇರಬಹುದು. ಮೊದಲಿದ್ದ ಮಂಡಳಿಗಳಿಗೆ ಹಿಡಿದವರನ್ನು ಸಮರ್ಥಿಸುವ ಹೊರೆ ಇತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟ ಸಂಸ್ಥೆಗಳಿಗೂ ಇರುತ್ತದೆ. ಹೊಸ ಮಂಡಳಿ ಹಿಡಿದದ್ದು ತಪ್ಪು ಎಂದು ಹೇಳಬೇಕಾಗಿಯೇ ಇರಲಿಲ್ಲ. ಹೀಗಾಗಿ ತಪ್ಪನ್ನು ಒಪ್ಪಿಕೊಳ್ಳುವುದು ಅದಕ್ಕೆ ಸುಲಭವಾಯಿತು.

ಮಂಡಳಿಯ ಎದುರು

ವಿಚಾರಣೆ 2015ರ ಕೊನೆಯಲ್ಲಿ ನಡೆಯಿತು. ಕೈದಿಯ ಪ್ರತಿನಿಧಿಗಳು ಆಡಿದ್ದು ದೊಡ್ಡ ಕಾನೂನಿನ ಮಾತಲ್ಲ. ಚಿಕ್ಕವನಿದ್ದಾಗ ತಪ್ಪು ದಾರಿ ಹಿಡಿದದ್ದಕ್ಕೆ ಅವನಿಗೆ ಪಶ್ಚಾತ್ತಾಪವಿದೆ ಎಂದರು. ಇಂಗ್ಲಿಷ್ ಮತ್ತು ಚಿತ್ರಕಲೆಯ ತರಗತಿಗೆ ಹೋಗಿದ್ದಾನೆ, ಬಡಗಿ ಕೆಲಸ, ಅಡುಗೆ ಕಲಿತಿದ್ದಾನೆ ಎಂದರು. ಒಂದು ಹಬ್ಬದೂಟಕ್ಕೆ ಸಹಕೈದಿಗಳಿಗಾಗಿ ಮೂವತ್ತಕ್ಕೂ ಹೆಚ್ಚು ತಟ್ಟೆ ಊಟ ಸಿದ್ಧ ಮಾಡಿದ್ದನ್ನೂ ಹೇಳಿದರು. ಯಾವ ದೇಶಕ್ಕಾದರೂ ಹೋಗಲು ಸಿದ್ಧ, ಮದುವೆಯಾಗಿ ಸಂಸಾರ ಕಟ್ಟಿಕೊಳ್ಳುವ ಆಸೆ ಇದೆ, ಮನೆಯವರು ನೆರವಿಗೆ ಇದ್ದಾರೆ ಎಂದರು.

ಕೇಳಲು ಚೆನ್ನಾಗಿದೆ. ಆದರೆ ಅಪಾಯ ಅಳೆಯುವವರು ಇದನ್ನು ಹೇಗೆ ತೂಗಬೇಕು? ಊಟದ ತಟ್ಟೆಯಿಂದ ಭವಿಷ್ಯ ಹೇಳಲು ಆಗದು. ಕೈಪಿಡಿಯ ಕಡೆಯವರು ಕೇಳಿದರೆ ಇದೆಲ್ಲ ನಟನೆ ಅನ್ನಬಹುದು. ನನಗೆ ಕಾಣುವಂತೆ ಇದರಲ್ಲಿ ಬೆಲೆ ಇರುವುದು ಎರಡಕ್ಕೆ. ಒಂದು, ಹೊರಗೆ ಅವನಿಗೆ ಕಾಯುತ್ತಿರುವ ಜನ ಇದ್ದಾರಾ, ಕೈಯಲ್ಲಿ ಕಸುಬು ಇದೆಯಾ ಎಂಬುದು. ಇನ್ನೊಂದು, ಈಗಲೂ ಹೊರಗಿರುವ ಉಗ್ರರ ಜೊತೆ ಸಂಪರ್ಕ ಉಳಿದಿದೆಯಾ ಎಂಬುದು. ಇವೆರಡನ್ನೂ ಪರೀಕ್ಷಿಸಬಹುದು. ಪಶ್ಚಾತ್ತಾಪ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಆಗುವುದಿಲ್ಲ.

ಕೆಲವು ವಾರಗಳಲ್ಲಿ ಮಂಡಳಿ ತೀರ್ಮಾನ ಹೇಳಿತು: ಇಟ್ಟುಕೊಳ್ಳುವ ಅಗತ್ಯವಿಲ್ಲ. ಆದರೆ ಮನೆಗೆ ಹೋಗುವ ಹಾಗಿರಲಿಲ್ಲ. ಯೆಮನ್‌ನಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಅಲ್ಲಿಗೆ ಯಾರನ್ನೂ ಕಳಿಸಬಾರದೆಂದು ಅಮೆರಿಕದ ಸಂಸತ್ತು ಕಾನೂನೇ ಮಾಡಿತ್ತು. ಬೇರೆ ದೇಶವೊಂದು ಒಪ್ಪಬೇಕು, ಕಣ್ಣಿಡುವ ಭರವಸೆ ಕೊಡಬೇಕು, ರಕ್ಷಣಾ ಸಚಿವರು ಸಹಿ ಹಾಕಬೇಕು, ಸಂಸತ್ತಿಗೆ ಮೊದಲೇ ತಿಳಿಸಬೇಕು. ಇದಕ್ಕೆ ಇನ್ನೊಂದು ವರ್ಷ ಹಿಡಿಯಿತು. 2017ರ ಜನವರಿಯಲ್ಲಿ ಅರಬ್ಬಿ ಮಾತಾಡುವ ನೆರೆಯ ದೇಶವೊಂದು ಅವನನ್ನು ತೆಗೆದುಕೊಂಡಿತು.

ಇದರಿಂದ ಏನು ತಿಳಿಯಬೇಕು

ಅಪಾಯದ ಪ್ರಶ್ನೆಗೆ ಮೊದಲು ಗುರುತಿನ ಪ್ರಶ್ನೆ ಬರಬೇಕು. ಕೇಳಿದರೆ ಇದು ತೀರಾ ಸಾಮಾನ್ಯ ಮಾತು ಅನ್ನಿಸುತ್ತದೆ. ಆದರೆ ಇಲ್ಲಿ ಹಲವು ಸುತ್ತಿನ ಪರಿಶೀಲನೆಯಲ್ಲಿ ಕೇಳಿದ್ದೆಲ್ಲ ‘ಇವನು ಎಷ್ಟು ಅಪಾಯ?’ ಎಂದೇ. ‘ಈ ವಾಕ್ಯ ಇವನದೇ?’ ಎಂದು ಕೇಳುವುದು ಕೊನೆಗೆ ಉಳಿಯಿತು. ಇಡೀ ಮನುಷ್ಯನನ್ನು ಒಮ್ಮೆ ಗುರುತು ಹಿಡಿದರೆ ಸಾಲದು. ಕಡತದ ಪ್ರತಿ ಆರೋಪಕ್ಕೂ ಬೇರೆ ಬೇರೆಯಾಗಿ ಗುರುತು ಹಿಡಿಯಬೇಕು. ಇವನು ಹೋರಾಟಗಾರ ಎಂಬುದು ನಿಜವಾಗಿತ್ತು. ಆ ನಿಜವೇ ಉಳಿದದ್ದಕ್ಕೂ ಸಾಕ್ಷಿ ಹೇಳಿಬಿಟ್ಟಿತು. ಪೂರ್ತಿ ಸುಳ್ಳು ಕಡತವಾಗಿದ್ದರೆ ಬಹುಶಃ ಬೇಗ ಸಿಕ್ಕಿಬೀಳುತ್ತಿತ್ತು.

ಎರಡನೆಯದು ಎಣಿಕೆಯ ವಿಷಯ. ಐದು ವರದಿ ಒಂದೇ ಮಾತು ಹೇಳಿದರೆ ಐದು ಸಾಕ್ಷಿ ಎಂದಲ್ಲ. ಐದೂ ಒಬ್ಬನೇ ಮಾಹಿತಿದಾರನಿಂದ ಬಂದಿದ್ದರೆ ಅದು ಒಂದೇ ಸಾಕ್ಷಿ. ಆ ಮಾಹಿತಿದಾರನಿಗೆ ಮಾತಾಡಿದ್ದಕ್ಕೆ ಏನಾದರೂ ಸಿಕ್ಕಿದ್ದರೆ ಒಂದಕ್ಕಿಂತಲೂ ಕಡಿಮೆ. ಪ್ರತಿ ವಾಕ್ಯದ ಪಕ್ಕದಲ್ಲಿ ಯಾರು, ಯಾವಾಗ, ಯಾವ ಸ್ಥಿತಿಯಲ್ಲಿ ಹೇಳಿದ್ದು ಎಂದು ಬರೆದಿದ್ದರೆ ಮುಂದೆ ಓದುವವರಿಗೆ ಎಷ್ಟೋ ಶ್ರಮ ಉಳಿಯುತ್ತಿತ್ತು. ಕೊನೆಯ ಸಲ ಅದನ್ನು ಮೂಲಕ್ಕೆ ಹೋಗಿ ನೋಡಿದ್ದು ಯಾವಾಗ ಎಂಬ ತಾರೀಖೂ ಬೇಕು. ಮರುಪರಿಶೀಲನೆ ಮಾಡುವವರು ಹಿಂದಿನ ತೀರ್ಮಾನ ಓದುವುದಕ್ಕೆ ಮುಂಚೆ ಮೂಲ ವರದಿಗಳನ್ನು ಓದಬೇಕು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ನಿಯಮ. ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಬೇರೆ ದಾರಿ ಕಾಣದು.

ನಮ್ಮಲ್ಲೂ ಈ ಪ್ರಶ್ನೆ ದೂರದ್ದಲ್ಲ. 1962ರ ಚೀನಾ ಯುದ್ಧದಲ್ಲಿ ಅಸ್ಸಾಂ, ಬಂಗಾಳದ ಕಡೆಯ ಚೀನೀ ಮೂಲದ ಸಾವಿರಾರು ಜನರನ್ನು ರಾಜಸ್ಥಾನದ ದೇವ್ಲಿಯಲ್ಲಿ ಕೂಡಿಹಾಕಿದ್ದರು. ಅಲ್ಲಿ ಒಬ್ಬೊಬ್ಬರ ಅಪಾಯ ಅಳೆಯುವ ಗೋಜಿಗೂ ಹೋಗದೆ ಹುಟ್ಟನ್ನೇ ಆಧಾರ ಮಾಡಿಕೊಂಡರು. ಸಂವಿಧಾನದ 22ನೇ ವಿಧಿ ಬಂಧಿತರಿಗೆ ಕೊಡುವ ರಕ್ಷಣೆ ಶತ್ರು ದೇಶದ ಪ್ರಜೆಗೆ ಸಿಗುವುದಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವನ ಕಡತ ಸಲಹಾ ಮಂಡಳಿಯ ಮುಂದೆ ಬರುತ್ತದೆ, ಆದರೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ. ಅಲ್ಲೂ ಮಂಡಳಿಯ ಎದುರು ಮೊದಲು ಮಾತಾಡುವುದು ಪೊಲೀಸರ ಕಡತವೇ.

ಬಿಡುಗಡೆಯಾದ ಕೈದಿಗಳು ಮತ್ತೆ ಹೋರಾಟಕ್ಕೆ ಮರಳುತ್ತಾರೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ರಾಷ್ಟ್ರೀಯ ಬೇಹುಗಾರಿಕೆ ನಿರ್ದೇಶಕರ ಕಚೇರಿ ಇದರ ಲೆಕ್ಕ ಪ್ರಕಟಿಸುತ್ತಾ ಬಂದಿದೆ. 2009ರ ಜನವರಿಗೆ ಮೊದಲು ಬಿಟ್ಟ 532 ಜನರಲ್ಲಿ ಸುಮಾರು ಐದರಲ್ಲಿ ಒಬ್ಬರು ಮರಳಿದ್ದು ಖಚಿತ ಎಂದು ಅದು ಹೇಳುತ್ತದೆ. ಆಮೇಲೆ ಬಿಟ್ಟವರಲ್ಲಿ ಈ ಪ್ರಮಾಣ ನೂರಕ್ಕೆ ಐದರ ಆಸುಪಾಸು. ಎಚ್ಚರದಿಂದ ಪರಿಶೀಲಿಸಿದ್ದರ ಫಲ ಇದು ಎಂದು ಹೇಳಲು ಆಸೆಯಾಗುತ್ತದೆ. ಆದರೆ ಎರಡನೇ ಗುಂಪಿನವರು ಹೊರಗೆ ಬಂದು ಕಡಿಮೆ ವರ್ಷಗಳಾಗಿದ್ದವು. ಅವರಿಗೆ ವಯಸ್ಸೂ ಆಗಿತ್ತು. ಕಳಿಸಿದ ದೇಶಗಳೂ ಬೇರೆ, ಅಲ್ಲಿನ ಕಾವಲೂ ಬೇರೆ. ಇದರಲ್ಲಿ ಪರಿಶೀಲನೆಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಆ ಲೆಕ್ಕ ಸಾಲದು. ನಮ್ಮ ಕೈದಿಯ ಪ್ರಕರಣವೂ ಸಾಲದು. ಮಂಡಳಿ ಕಳಿಸಬಹುದು ಎಂದದ್ದು ಅವನು ಒಳ್ಳೆಯವನೆಂದಲ್ಲ. ಉಳಿದ ಅಪಾಯವನ್ನು ಇನ್ನೊಂದು ದೇಶದ ಕಾವಲಿನಲ್ಲಿ ನಿಭಾಯಿಸಬಹುದು ಎಂದಷ್ಟೇ.